ಮಹಾವೀರಾಚಾರ್ಯರೂ ಕೋಳಿಪಂದ್ಯದ ಲೆಕ್ಕವೂ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿ, ಹರಿಯಬ್ಬೆ)

ನೃಪತುಂಗನ ಹೆಸರನ್ನೆತ್ತಿದೊಡನೆ ಕನ್ನಡಿಗರಿಗೆ ನೆನಪಾಗುವುದು ‘ಕವಿರಾಜಮಾರ್ಗ’. ಆ ಗ್ರಂಥವನ್ನು ನಾವು ಪಠ್ಯದಲ್ಲಿ ಓದುತ್ತೇವೆ, ಪರೀಕ್ಷೆಯಲ್ಲಿ ಅದರ ಮೇಲೆ ಪ್ರಶ್ನೆಗಳು ಬರುತ್ತವೆ, ರಾಜ್ಯೋತ್ಸವದ ಭಾಷಣಗಳಲ್ಲಿ ಅದು ತಪ್ಪದೆ ಕೇಳಿಬರುತ್ತದೆ. ಆದರೆ ಅದೇ ಅರಸನ ಕಾಲದಲ್ಲಿ, ಅವನ ಹೆಸರನ್ನೇ ಮೊದಲಲ್ಲಿ ಹೊಗಳಿ, ಲೆಕ್ಕದ ಮೇಲೆ ಒಂದು ಮಹಾಗ್ರಂಥವನ್ನು ಬರೆದ ಪಂಡಿತರೊಬ್ಬರಿದ್ದರೆಂಬುದು ನಮ್ಮಲ್ಲಿ ಅನೇಕರ ಮನಸ್ಸಿನಲ್ಲಿ ಉಳಿದಿಲ್ಲ. ಅವರೇ ‘ಗಣಿತಸಾರಸಂಗ್ರಹ’ದ ಕರ್ತೃಗಳಾದ ಮಹಾವೀರಾಚಾರ್ಯರು. ನಾನು ಚರಿತ್ರೆಯ ವಿದ್ಯಾರ್ಥಿ. ಲೆಕ್ಕವೆಂದರೆ ಪ್ರೌಢಶಾಲೆಯಿಂದಲೂ ಹೆದರಿದವನು. ಆದರೂ ಈ ಆಚಾರ್ಯರ ಬಳಿಗೆ ನಾನು ಹೋಗಬೇಕಾಗಿ ಬಂದದ್ದು ನಮ್ಮ ಮನೆಯ ಒಂದು ತಾಪತ್ರಯದ ನಿಮಿತ್ತವಾಗಿ. ಅದನ್ನು ಮುಂದೆ ಹೇಳುತ್ತೇನೆ.

ಅಮೋಘವರ್ಷ ನೃಪತುಂಗನು ಕ್ರಿ.ಶ. ೮೧೪ರಲ್ಲಿ, ಇನ್ನೂ ಬಾಲಕನಾಗಿರುವಾಗಲೇ, ತಂದೆ ಮೂರನೆಯ ಗೋವಿಂದನ ತರುವಾಯ ಪಟ್ಟವೇರಿದನು. ಚಿಕ್ಕವಯಸ್ಸಿನ ದೊರೆಯೆಂದು ಕಂಡ ಸಾಮಂತರು ದಂಗೆಯೆದ್ದರು. ಗುಜರಾತಿನ ಶಾಖೆಯ ಕರ್ಕನ ಸಹಾಯದಿಂದ ಅವನು ಸಿಂಹಾಸನವನ್ನು ಉಳಿಸಿಕೊಂಡನು. ಗಂಗರೊಡನೆ ಬಹುಕಾಲ ಕಾದಾಡಿ, ಕೊನೆಗೆ ತನ್ನ ಮಗಳು ಚಂದ್ರಬ್ಬಲಬ್ಬೆಯನ್ನು ಗಂಗ ರಾಜಕುಮಾರ ಬೂತುಗನಿಗೆ ಕೊಟ್ಟು ವೈರವನ್ನು ಮುಗಿಸಿದನು. (ನಮ್ಮ ಊರಿನ ಹೆಸರಿನಲ್ಲಿಯೂ ‘ಅಬ್ಬೆ’ ಎಂಬ ಆ ಹಳೆಯ ಮಾತು ಕಿವಿಗೆ ಬೀಳುತ್ತದಲ್ಲವೆ!) ಸುಮಾರು ೬೪ ವರ್ಷಗಳ ದೀರ್ಘಕಾಲ ಅವನು ಆಳಿದನು. ಈಗಿನ ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಮಳಖೇಡವೇ ಅವನ ರಾಜಧಾನಿ ಮಾನ್ಯಖೇಟ. ೮೫೧ರ ಅರಬ್ಬೀ ವೃತ್ತಾಂತವೊಂದು ಅವನ ವಂಶದ ದೊರೆಯನ್ನು ಲೋಕದ ನಾಲ್ವರು ಮಹಾರಾಜರಲ್ಲಿ ಒಬ್ಬನೆಂದು ಎಣಿಸಿದೆ. ಆ ಕಾಲದಲ್ಲಿ ನಮ್ಮ ಸೀಮೆಯಲ್ಲಿ ನೊಳಂಬರು ಬೆಳೆಯುತ್ತಿದ್ದರು. ಅವರ ರಾಜಧಾನಿ ಹೆಂಜೇರು, ಅಂದರೆ ಇಂದಿನ ಹೇಮಾವತಿ, ಈಗ ಆಂಧ್ರದ ಎಲ್ಲೆಯೊಳಗಿದ್ದರೂ ನಮ್ಮ ಭಾಗದವರಿಗೆ ನೆರೆಯ ಊರಿನಂತೆಯೇ. ಮಾನ್ಯಖೇಟ ದೂರವಾದರೂ ಮಹಾವೀರಾಚಾರ್ಯರು ನಮಗೆ ಪೂರ್ತಿ ಹೊರಗಿನವರಲ್ಲವೆಂಬುದಕ್ಕೆ ಇಷ್ಟು ಹೇಳಿದೆ.

ಅದು ಜೈನ ವಿದ್ವತ್ತಿನ ಸುಗ್ಗಿಯ ಕಾಲ. ವೀರಸೇನರು ೮೧೬ರಲ್ಲಿ ‘ಧವಲಾ’ ಟೀಕೆಯನ್ನು ಮುಗಿಸಿದರು. ಅವರ ಶಿಷ್ಯರಾದ ಜಿನಸೇನರು ೮೩೭ರಲ್ಲಿ ‘ಜಯಧವಲಾ’ವನ್ನು ಪೂರೈಸಿ, ಆಮೇಲೆ ಸಂಸ್ಕೃತದಲ್ಲಿ ಆದಿಪುರಾಣವನ್ನು ಕೈಗೊಂಡರು. ಶಾಕಟಾಯನನು ತನ್ನ ವ್ಯಾಕರಣದ ವೃತ್ತಿಗೆ ಅರಸನ ಹೆಸರನ್ನೇ ಇಟ್ಟನು. ಶ್ರೀವಿಜಯನ ಕೈಯಿಂದ ಕವಿರಾಜಮಾರ್ಗ ಹುಟ್ಟಿತು. ಈ ವಿದ್ವತ್ಸಮೂಹದ ನಡುವೆ, ಸುಮಾರು ೮೫೦ರ ವೇಳೆಗೆ, ಮಹಾವೀರಾಚಾರ್ಯರ ಗ್ರಂಥವೂ ಸಿದ್ಧವಾಯಿತು. ತಂದೆ ತಾಯಿ, ಹುಟ್ಟೂರು, ಗುರುಗಳ ಹೆಸರು ಯಾವುದನ್ನೂ ಅವರು ಅದರಲ್ಲಿ ಹೇಳಿಕೊಂಡಿಲ್ಲ. ತೀರ್ಥಂಕರ ಮಹಾವೀರನಿಗೆ ನಮಸ್ಕರಿಸಿ, ದೊರೆಯನ್ನು ಹಲವು ಶ್ಲೋಕಗಳಲ್ಲಿ ಕೊಂಡಾಡಿ, ಅವನ ಆಳ್ವಿಕೆ ಏಳಿಗೆ ಹೊಂದಲೆಂದು ಹರಸಿ, ನೇರವಾಗಿ ಲೆಕ್ಕಕ್ಕೆ ಇಳಿದುಬಿಡುತ್ತಾರೆ. ಆದಕಾರಣ ಅವರ ಜೀವನಚರಿತ್ರೆಯೆಂದರೆ ಬಹುಮಟ್ಟಿಗೆ ಅವರ ಪುಸ್ತಕದ ಚರಿತ್ರೆಯೇ. ಮನುಷ್ಯನ ಸ್ವಭಾವ ಅವನು ಆರಿಸಿಕೊಳ್ಳುವ ಉದಾಹರಣೆಗಳಲ್ಲಿ ಹೊರಬೀಳುತ್ತದೆಂಬುದು ನಿಜವಾದರೆ, ಆಚಾರ್ಯರ ಸ್ವಭಾವವನ್ನು ಕಾಣುವುದು ಕಷ್ಟವಲ್ಲ.

ಅವರು ಲೋಕವನ್ನು ಚೆನ್ನಾಗಿ ನೋಡಿದವರು. ಅವರಿಗೆ ಮುಂಚೆ ಗಣಿತವು ಸಾಮಾನ್ಯವಾಗಿ ಜ್ಯೋತಿಷ ಸಿದ್ಧಾಂತದ ಒಂದು ಅಧ್ಯಾಯವಾಗಿ ಬರುತ್ತಿತ್ತು. ೬೨೮ರಲ್ಲಿ ಬ್ರಹ್ಮಗುಪ್ತನು ಮಾಡಿದ್ದೂ ಹಾಗೆಯೇ. ಮಹಾವೀರರು ಗ್ರಹನಕ್ಷತ್ರಗಳನ್ನು ಪಕ್ಕಕ್ಕಿಟ್ಟು ಗಣಿತವೊಂದಕ್ಕೇ ಇಡೀ ಗ್ರಂಥವನ್ನು ಮೀಸಲಿಟ್ಟರು. ಅಡಿಗೆ, ವೈದ್ಯ, ಸಂಗೀತ, ನಾಟಕ, ವಾಸ್ತು, ವ್ಯಾಪಾರ ಇವೆಲ್ಲಕ್ಕೂ ಲೆಕ್ಕ ಬೇಕೆಂದು ಪೀಠಿಕೆಯಲ್ಲಿ ವಾದಿಸಿದರು. ಅಳತೆ ತೂಕಗಳ ಪರಿಭಾಷೆಯಿಂದ ಆರಂಭಿಸಿ, ಭಿನ್ನರಾಶಿ, ತ್ರೈರಾಶಿಕ, ಮಿಶ್ರಕ, ಕ್ಷೇತ್ರಗಣಿತ, ಅಗೆತದ ಲೆಕ್ಕಗಳನ್ನು ದಾಟಿ, ನೆರಳಿನ ಲೆಕ್ಕದವರೆಗೆ ಒಂಬತ್ತು ಅಧ್ಯಾಯಗಳು. ಉದಾಹರಣೆಗಳಲ್ಲಿ ದುಂಬಿಗಳ ಹಿಂಡು, ಆನೆಗಳು, ಮಾವಿನ ರಾಶಿ, ಬಡ್ಡಿಗೆ ಕೊಟ್ಟ ಹೊನ್ನು, ದಾರಿಯಲ್ಲಿ ಹಣದ ಗಂಟನ್ನು ಕಂಡ ವರ್ತಕರು, ಪ್ರಣಯಕಲಹದಲ್ಲಿ ಹರಿದ ಮುತ್ತಿನ ಹಾರ ಎಲ್ಲವೂ ಬರುತ್ತವೆ. ವಿರಕ್ತರ ಧರ್ಮಕ್ಕೆ ಸೇರಿದ ಪಂಡಿತರು ಹರಿದ ಹಾರದ ಮುತ್ತುಗಳನ್ನು ಹಾಸಿಗೆಯ ಮೇಲೆ ಎಣಿಸುವುದನ್ನು ಓದಿ ನಮ್ಮ ತರಗತಿಯಲ್ಲಿ ನಗು ಎದ್ದಿತು.

ಸಂಖ್ಯೆಗಳೊಡನೆ ಆಟವಾಡುವುದು ಅವರಿಗೆ ಬಹಳ ಇಷ್ಟ. ೧೫೨೨೦೭ನ್ನು ೭೩ರಿಂದ ಗುಣಿಸಿದರೆ ೧೧೧೧೧೧೧೧ ಬರುತ್ತದೆ. ೨೭೯೯೪೬೮೧ನ್ನು ೪೪೧ರಿಂದ ಗುಣಿಸಿದರೆ ೧೨೩೪೫೬೫೪೩೨೧. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಇಂಥವನ್ನು ಅವರು ಕೊರಳ ಹಾರಗಳೆಂದು ಕರೆದರು. ಋಣ ಸಂಖ್ಯೆಗೆ ವರ್ಗಮೂಲವಿಲ್ಲವೆಂದು ಅವರು ಸ್ಪಷ್ಟವಾಗಿ ತಿಳಿಸಿದರು. ಆದರೆ ಯಾವ ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೂ ಅದು ಬದಲಾಗದೆ ಉಳಿಯುತ್ತದೆಂದು ಬರೆದು ತಪ್ಪಿದರು. ದೊಡ್ಡವರ ತಪ್ಪನ್ನು ಮುಚ್ಚಿಟ್ಟು ಜೀವನಚರಿತ್ರೆ ಬರೆಯುವುದು ನನಗೆ ಸರಿಕಾಣುವುದಿಲ್ಲ. ಆ ಒಂದು ತಪ್ಪಿನಿಂದ ಅವರ ತೂಕವೇನೂ ಕಡಿಮೆಯಾಗುವುದಿಲ್ಲ.

ಆರನೆಯದಾದ ಮಿಶ್ರಕ ವ್ಯವಹಾರವೇ ಗ್ರಂಥದ ಹೃದಯವೆಂದು ನನ್ನ ಅಭಿಪ್ರಾಯ. ಹಲವು ವಸ್ತುಗಳಿಂದ ಕೆಲವನ್ನು ಎಷ್ಟು ಬಗೆಯಲ್ಲಿ ಆರಿಸಬಹುದೆಂಬುದಕ್ಕೆ ಆಚಾರ್ಯರು ಅಲ್ಲಿ ಸಾಮಾನ್ಯ ಸೂತ್ರವನ್ನು ಕೊಟ್ಟಿದ್ದಾರೆ. ಒಂದು ಸಾಲಿನಲ್ಲಿ ಒಂದರಿಂದ ಏರುವ ಸಂಖ್ಯೆಗಳು, ಇನ್ನೊಂದರಲ್ಲಿ ಮೇಲಿನಿಂದ ಇಳಿಯುವ ಸಂಖ್ಯೆಗಳು. ಇಳಿಯುವವುಗಳ ಗುಣಲಬ್ಧವನ್ನು ಏರುವವುಗಳ ಗುಣಲಬ್ಧದಿಂದ ಭಾಗಿಸುವುದು. ಉಪ್ಪು, ಹುಳಿ, ಖಾರ, ಸಿಹಿ, ಕಹಿ, ಒಗರು ಎಂಬ ಆರು ರುಚಿಗಳಿಂದ ಆಗುವ ಬಗೆಗಳನ್ನು ಹೀಗೆ ಕೂಡಿಸಿದರೆ ಒಟ್ಟು ೬೩. ಅದೇ ಸೂತ್ರವನ್ನು ಇಸ್ಪೀಟಿನ ಕಟ್ಟಿಗೆ ಹಚ್ಚಿ ನೋಡಿದೆ. ೫೨ ಎಲೆಗಳಿಂದ ಎರಡನ್ನು ಆರಿಸುವುದು ೫೨ ಗುಣಿಸು ೫೧, ಭಾಗಿಸು ೨. ಅಂದರೆ ೧,೩೨೬ ಬಗೆ. ಐದು ಎಲೆಗಳಾದರೆ ೨೫,೯೮,೯೬೦ ಬಗೆ. ಪೋಕರ್ ಎಂಬ ಇಸ್ಪೀಟಾಟದ ಶಾಸ್ತ್ರವೆಲ್ಲ ಈ ಎರಡು ಅಂಕಿಗಳ ಮೇಲೆಯೇ ನಿಂತಿದೆ. ಇಸ್ಪೀಟು ನಮ್ಮ ದೇಶಕ್ಕೆ ಬರುವ ನೂರಾರು ವರ್ಷ ಮುಂಚೆಯೇ ಅದನ್ನು ಎಣಿಸುವ ಉಪಾಯ ಮಾನ್ಯಖೇಟದ ದೊರೆಯ ಕಾಲದಲ್ಲಿ ತಾಳೆಗರಿಗೆ ಏರಿತ್ತು.

ಈಗ ನಮ್ಮ ಮನೆಯ ಸಂಗತಿ. ನನ್ನ ದೊಡ್ಡಪ್ಪನ ಮಗ, ನನಗೆ ಅಣ್ಣನಾಗಬೇಕಾದವನು, ೨೦೨೪ರಲ್ಲಿ ಶೇಂಗಾ ಮಾರಿದ ಹಣದಲ್ಲಿ ಮೊಬೈಲಿನ ಮೇಲೆ ಪೋಕರ್ ಆಡಿದನು. ಅವನು ಆಡಿದ್ದು ಇಬ್ಬರೇ ಎದುರುಬದುರು ಕೂತು, ಒಬ್ಬನ ಬಿಲ್ಲೆಗಳೆಲ್ಲ ಮುಗಿಯುವವರೆಗೆ ಆಡುವ ಪಂದ್ಯ. ಎದುರಿನವನು ಯಾರೋ, ಯಾವ ಊರಿನವನೋ. ಪ್ರತಿ ಪಂದ್ಯಕ್ಕೂ ಒಬ್ಬೊಬ್ಬನು ೧,೧೦೦ ರೂಪಾಯಿ ಕಟ್ಟಬೇಕು. ಅದರಲ್ಲಿ ೧,೦೦೦ ಪಣಕ್ಕೆ, ೧೦೦ ಆಡಿಸುವವರಿಗೆ. ಗೆದ್ದವನಿಗೆ ೨,೦೦೦, ಸೋತವನಿಗೆ ಏನೂ ಇಲ್ಲ. ಅಣ್ಣ ದಡ್ಡನಲ್ಲ. ಒಂಬತ್ತು ಜನರ ಮೇಜಿನಲ್ಲಿ ಒಳ್ಳೆಯ ಎಲೆ ಬರುವವರೆಗೆ ಕಾಯಬಹುದು. ಇಬ್ಬರೇ ಇದ್ದಾಗ ಪ್ರತಿ ಆಟದಲ್ಲೂ ಕಡ್ಡಾಯವಾಗಿ ಪಣ ಇಡಬೇಕಾಗುವುದರಿಂದ, ಕಾಯುತ್ತ ಕೂತವನ ಬಿಲ್ಲೆಗಳು ತಾವಾಗಿಯೇ ಕರಗುತ್ತವೆ. ಆದುದರಿಂದ ಸಾಧಾರಣ ಎಲೆಗಳಲ್ಲೂ ಮುಂದಕ್ಕೆ ಹೋಗಬೇಕು, ಪೊಳ್ಳು ಕೈಯಲ್ಲೂ ಆಗಾಗ ಧೈರ್ಯ ತೋರಬೇಕು. ೧೯೨೮ರಲ್ಲಿ ಜಾನ್ ಫಾನ್ ನಾಯ್ಮನ್ ಎಂಬ ಗಣಿತಜ್ಞನು ಇಬ್ಬರ ಆಟಗಳ ಸಿದ್ಧಾಂತವನ್ನು ಸ್ಥಾಪಿಸಿದನು. ಹೀಗೆ ಹುಸಿಧೈರ್ಯ ತೋರುವುದು ಬರಿಯ ಮೋಸವಲ್ಲ, ಲೆಕ್ಕಕ್ಕೆ ಅವಶ್ಯವಾದದ್ದೇ ಎಂದು ಮುಂದೆ ಪೋಕರಿನ ಉದಾಹರಣೆಯಿಂದಲೇ ತೋರಿಸಿದನು. ಇಷ್ಟನ್ನೂ ಅಣ್ಣ ಸ್ವಂತ ಬುದ್ಧಿಯಿಂದ ಕಲಿತುಕೊಂಡಿದ್ದನು.

ಅವನು ೨೦೦ ಪಂದ್ಯಗಳಾಡಿ ೧೦೪ನ್ನು ಗೆದ್ದನು. ಸೋತದ್ದು ೯೬. ಅರ್ಧಕ್ಕಿಂತ ಹೆಚ್ಚು ಗೆದ್ದವನು ಲಾಭದಲ್ಲಿರಬೇಕಷ್ಟೆ. ಆದರೆ ಬಿತ್ತನೆಯ ಹೊತ್ತಿಗೆ ಬೀಜದ ಶೇಂಗಾಕ್ಕೆ ಹಣ ತೆಗೆಯಲು ಹೋದರೆ ೧೨,೦೦೦ ರೂಪಾಯಿ ಕಡಿಮೆ. ಯಾರೋ ಖಾತೆಯಿಂದ ಕದ್ದಿದ್ದಾರೆಂದೇ ಅವನು ನಂಬಿದ್ದನು. ಮನೆಯಲ್ಲಿ ಡಿಗ್ರಿಯವರೆಗೆ ಬಂದವನು ನಾನೊಬ್ಬನೇ ಆದ್ದರಿಂದ ದೊಡ್ಡಪ್ಪನವರು ಮೊಬೈಲನ್ನು ನನ್ನ ಕೈಗೆ ಕೊಟ್ಟು, ಕಳ್ಳತನ ಎಲ್ಲಾಯಿತು ನೋಡಪ್ಪ ಎಂದರು. ನಾನು ಎಷ್ಟು ಸಲ ಕೂಡಿ ಕಳೆದರೂ ಕಳ್ಳನು ಸಿಗಲಿಲ್ಲ. ಆ ದಿನಗಳಲ್ಲಿಯೇ ಗ್ರಂಥಾಲಯದಲ್ಲಿ, ಚರಿತ್ರೆಯ ಟಿಪ್ಪಣಿಗೆಂದು ತೆಗೆದ ಗಣಿತಸಾರಸಂಗ್ರಹದ ಕನ್ನಡ ಅನುವಾದದಲ್ಲಿ, ಕೋಳಿಪಂದ್ಯದ ಲೆಕ್ಕ ಕಣ್ಣಿಗೆ ಬಿದ್ದಿತು.

ಆ ಲೆಕ್ಕದ ಸಾರಾಂಶವಿಷ್ಟು. ಮಂತ್ರ ಔಷಧಗಳನ್ನು ಬಲ್ಲವನೊಬ್ಬನು ಕೋಳಿಪಂದ್ಯ ನಡೆಯುವಲ್ಲಿಗೆ ಬರುತ್ತಾನೆ. ಇಬ್ಬರು ಒಡೆಯರನ್ನೂ ಬೇರೆಬೇರೆಯಾಗಿ, ಗುಟ್ಟಾಗಿ ಮಾತನಾಡಿಸುತ್ತಾನೆ. ನಿನ್ನ ಕೋಳಿ ಗೆದ್ದರೆ ನಿನ್ನ ಪಣದಷ್ಟನ್ನು ನನಗೆ ಕೊಡು, ಸೋತರೆ ಅದರ ಮೂರರಲ್ಲಿ ಎರಡು ಪಾಲನ್ನು ನಾನು ನಿನಗೆ ಕೊಡುತ್ತೇನೆಂದು ಮೊದಲನೆಯವನಿಗೆ ಹೇಳುತ್ತಾನೆ. ಎರಡನೆಯವನಿಗೂ ಅದೇ ಕರಾರು, ಆದರೆ ಸೋತರೆ ನಾಲ್ಕರಲ್ಲಿ ಮೂರು ಪಾಲು. ಯಾವ ಕೋಳಿ ಗೆದ್ದರೂ ಮಂತ್ರವಾದಿಗೆ ಉಳಿಯುವುದು ೧೨ ಹೊನ್ನು. ಹಾಗಾದರೆ ಇಬ್ಬರ ಪಣ ಎಷ್ಟೆಷ್ಟು?

ಉತ್ತರ ೪೨ ಮತ್ತು ೪೦. ಮೊದಲನೆಯ ಕೋಳಿ ಗೆದ್ದರೆ ಮಂತ್ರವಾದಿಗೆ ೪೨ ಬರುತ್ತದೆ, ೪೦ರ ಮುಕ್ಕಾಲು ಭಾಗವಾದ ೩೦ ಹೋಗುತ್ತದೆ, ೧೨ ಉಳಿಯುತ್ತದೆ. ಎರಡನೆಯದು ಗೆದ್ದರೆ ೪೦ ಬಂದು, ೪೨ರ ಮೂರರಲ್ಲಿ ಎರಡಾದ ೨೮ ಹೋಗಿ, ಮತ್ತೆ ೧೨. ಲೆಕ್ಕದ ಪುಸ್ತಕ ಇಷ್ಟಕ್ಕೆ ನಿಲ್ಲುತ್ತದೆ. ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕೋಳಿಯ ಒಡೆಯರ ಚೀಲಗಳನ್ನು ನೋಡಿದೆ. ಸೋತವನು ತನ್ನ ಪಣವನ್ನು ಗೆದ್ದವನಿಗೆ ಕೊಡುವನೆಂದಿಟ್ಟುಕೊಳ್ಳೋಣ. ಮೊದಲನೆಯವನು ಗೆದ್ದರೆ ಎದುರಾಳಿಯಿಂದ ೪೦ ಪಡೆದು ಮಂತ್ರವಾದಿಗೆ ೪೨ ತೆರುತ್ತಾನೆ: ಗೆದ್ದೂ ೨ ನಷ್ಟ! ಸೋತರೆ ೪೨ ಕೊಟ್ಟು ೨೮ ಪಡೆದು ೧೪ ನಷ್ಟ. ಎರಡನೆಯವನು ಗೆದ್ದರೆ ೨ ಲಾಭ, ಸೋತರೆ ೧೦ ನಷ್ಟ. ಮೊದಲನೆಯವನು ಕಳೆದುಕೊಳ್ಳುವ ೨ ಮತ್ತು ಎರಡನೆಯವನು ಕಳೆದುಕೊಳ್ಳುವ ೧೦ ಸೇರಿದರೆ ೧೨. ಇನ್ನೊಂದು ಪಕ್ಷದಲ್ಲಿ ೧೪ರಿಂದ ೨ ಕಳೆದರೂ ೧೨. ಅದೇ ಮಂತ್ರವಾದಿಯ ಸಂಪಾದನೆ. ಅವನಿಗೆ ಕೋಳಿ ಸಾಕುವ ಖರ್ಚಿಲ್ಲ, ಕಾಲಿಗೆ ಕತ್ತಿ ಕಟ್ಟುವ ಶ್ರಮವಿಲ್ಲ, ಯಾವ ಕೋಳಿ ಬಲಶಾಲಿಯೆಂಬ ಯೋಚನೆಯೂ ಇಲ್ಲ. ಎರಡೂ ಕಡೆಯ ಪಣಗಳು ಹೆಚ್ಚುಕಡಿಮೆ ಸಮನಾಗಿರುವಂತೆ ನೋಡಿಕೊಂಡರೆ ಅವನಿಗೆ ಸಾಕು. ಮೊದಲನೆಯವನ ಪಣ ೪೨ರ ಬದಲು ೯೦ ಆಗಿದ್ದಿದ್ದರೆ, ಎರಡನೆಯ ಕೋಳಿ ಗೆದ್ದಾಗ ಅವನು ೪೦ ಪಡೆದು ೬೦ ಕೊಟ್ಟು ೨೦ ಹೊನ್ನು ಕಳೆದುಕೊಳ್ಳುತ್ತಿದ್ದನು. ಮಂತ್ರವೆಂದರೆ ಈ ಸಮತೂಕವೇ.

ಅಲ್ಲಿಗೆ ಅಣ್ಣನ ಲೆಕ್ಕವೂ ಬಗೆಹರಿಯಿತು. ೧೦೪ರಿಂದ ೯೬ ಕಳೆದರೆ ೮. ಒಂದೊಂದಕ್ಕೆ ೧,೦೦೦ದಂತೆ ಅವನ ಚಾತುರ್ಯದ ಸಂಪಾದನೆ ೮,೦೦೦. ೨೦೦ ಪಂದ್ಯಗಳಿಗೆ ನೂರು ನೂರರಂತೆ ಆಡಿಸುವವರಿಗೆ ಸಂದದ್ದು ೨೦,೦೦೦. ಉಳಿದ ನಷ್ಟ ೧೨,೦೦೦. ಕಳ್ಳತನವೇನೂ ಆಗಿರಲಿಲ್ಲ; ಎಲ್ಲವೂ ಕರಾರಿನ ಪ್ರಕಾರವೇ ನಡೆದಿತ್ತು. ೧,೧೦೦ ಕಟ್ಟಿ ೨,೦೦೦ ಪಡೆಯುವ ಪಂದ್ಯದಲ್ಲಿ ಅಸಲು ಉಳಿಯಬೇಕಾದರೂ ನೂರಕ್ಕೆ ೫೫ ಗೆಲ್ಲಬೇಕು. ಅಣ್ಣ ಗೆದ್ದದ್ದು ೫೨. ಸರಿಸಮಾನರಾದ ಇಬ್ಬರು ಆಡಿದರಂತೂ ಇಬ್ಬರೂ ಬಡವಾಗುತ್ತಾರೆ. ಎಷ್ಟೇ ಚಾತುರ್ಯವಿದ್ದರೂ ಮೊದಲು ಕೇಳಬೇಕಾದದ್ದು ಬಹುಮಾನದ ಹಂಚಿಕೆಯನ್ನು, ಆಮೇಲೆ ಆಟದ ಉಪಾಯವನ್ನು. ಈ ಕ್ರಮವನ್ನು ನನಗೆ ಕಲಿಸಿದವರು ಮಹಾವೀರಾಚಾರ್ಯರು.

ಹಂಚಿಕೆಯ ಮಾತು ಬಂದಿತಾದ್ದರಿಂದ ಇನ್ನೊಂದನ್ನು ಹೇಳಬೇಕು. ಅದೇ ಅಧ್ಯಾಯದಲ್ಲಿ ಪ್ರಕ್ಷೇಪಕವೆಂಬ ಪಾಲು ಹಂಚುವ ಕ್ರಮವಿದೆ. ಪಾಲುಗಳ ಮೊತ್ತದಿಂದ ಒಟ್ಟು ಹಣವನ್ನು ಭಾಗಿಸಿ, ಅವರವರ ಪಾಲಿನಿಂದ ಗುಣಿಸುವುದು. ಬಹುಜನರ ಪೋಕರ್ ಪಂದ್ಯಾವಳಿಯಲ್ಲಿ ಕೊನೆಗೆ ಇಬ್ಬರು ಉಳಿದರೆನ್ನಿ. ಮೊದಲನೆಯ ಬಹುಮಾನ ೬,೫೦೦, ಎರಡನೆಯದು ೩,೫೦೦. ಒಬ್ಬನ ಬಳಿ ಬಿಲ್ಲೆಗಳ ಮುಕ್ಕಾಲು ಪಾಲು, ಇನ್ನೊಬ್ಬನ ಬಳಿ ಕಾಲು. ಆಟವನ್ನು ಅಲ್ಲಿಗೇ ನಿಲ್ಲಿಸಿ ಹಂಚಿಕೊಳ್ಳುವುದು ಹೇಗೆ? ಹತ್ತು ಸಾವಿರವನ್ನೂ ಬಿಲ್ಲೆಗಳಂತೆ ಹಂಚಿದರೆ ಚಿಕ್ಕವನಿಗೆ ೨,೫೦೦ ಮಾತ್ರ. ಸೋತಿದ್ದರೂ ಅವನಿಗೆ ೩,೫೦೦ ಬರುತ್ತಿತ್ತು! ಆದುದರಿಂದ ಇಬ್ಬರಿಗೂ ಖಚಿತವಾದ ೩,೫೦೦ನ್ನು ಮೊದಲು ತೆಗೆದಿಟ್ಟು, ನಿಜವಾಗಿ ಪಣದಲ್ಲಿರುವ ೩,೦೦೦ನ್ನು ಮಾತ್ರ ಪ್ರಕ್ಷೇಪಕದಂತೆ ಹಂಚಬೇಕು. ಆಗ ೫,೭೫೦ ಮತ್ತು ೪,೨೫೦. ಇಬ್ಬರೂ ಸಮಬಲರಾದರೆ ಒಬ್ಬನು ಗೆಲ್ಲುವ ಸಂಭವವು ಅವನ ಬಿಲ್ಲೆಗಳ ಪಾಲಿನಷ್ಟೇ ಇರುವುದರಿಂದ ಇದು ನ್ಯಾಯವಾದ ಹಂಚಿಕೆ. ಎರಡನೆಯ ಬಹುಮಾನ ಆಗಲೇ ಕೈಸೇರಿರುವುದರಿಂದ, ಆ ಹಂತದಲ್ಲಿ ಅಂಜಿ ಆಡುವುದರಿಂದ ಪ್ರಯೋಜನವೂ ಇಲ್ಲ.

ಆದರೆ ಪ್ರಕ್ಷೇಪಕವು ಎಲ್ಲ ಕಡೆಗೂ ಸಲ್ಲದು. ೧೬೫೪ರಲ್ಲಿ ಫ್ರಾನ್ಸಿನ ಪಾಸ್ಕಲ್ ಮತ್ತು ಫರ್ಮಾ ಎಂಬ ಮೇಧಾವಿಗಳು ನಡುವೆ ನಿಂತ ಆಟದ ಪಣವನ್ನು ಕುರಿತು ಪತ್ರವ್ಯವಹಾರ ನಡೆಸಿದರು. ಮೂರು ಸಲ ಮೊದಲು ಗೆದ್ದವನಿಗೆ ೬೪ ನಾಣ್ಯ. ಒಬ್ಬನು ಎರಡು ಸಲ, ಇನ್ನೊಬ್ಬನು ಒಂದು ಸಲ ಗೆದ್ದಿರುವಾಗ ಆಟ ನಿಂತಿತು. ಗೆದ್ದ ಸಲಗಳಂತೆ ಎರಡಕ್ಕೆ ಒಂದಾಗಿ ಹಂಚುವುದು ತಪ್ಪು. ಇನ್ನೊಂದಾಟದಲ್ಲಿ ಮೊದಲನೆಯವನು ಗೆದ್ದರೆ ೬೪ ಅವನದೇ, ಸೋತರೆ ಇಬ್ಬರೂ ಸಮನಾಗಿ ೩೨; ಆದ್ದರಿಂದ ಅವನಿಗೆ ೪೮, ಮತ್ತೊಬ್ಬನಿಗೆ ೧೬. ಕಳೆದುಹೋದದ್ದನ್ನು ನೋಡದೆ ಬರಬಹುದಾದದ್ದನ್ನು ಅಳೆಯುವ ಈ ಸಂಭವಗಣಿತ ನಮ್ಮ ಆಚಾರ್ಯರಲ್ಲಿಲ್ಲ. ಇಲ್ಲದ್ದನ್ನು ಇದೆಯೆಂದು ಹೆಮ್ಮೆಪಡುವುದು ಬೇಡ. ಆದರೆ ಅವರ ಮಂತ್ರವಾದಿಗೆ ಸಂಭವದ ಗೊಡವೆಯೇ ಬೇಕಿರಲಿಲ್ಲವೆಂಬುದನ್ನು ಮರೆಯಬಾರದು.

ಜೈನರು ಎಣಿಸುವ ಸಪ್ತವ್ಯಸನಗಳಲ್ಲಿ ಮೊದಲನೆಯದೇ ಜೂಜು. ಕೋಳಿಗಳನ್ನು ಕಾದಿಸುವುದು ಅಹಿಂಸಾಧರ್ಮಕ್ಕೆ ಇನ್ನೂ ದೂರ. ಹಾಗಿದ್ದೂ ಆಚಾರ್ಯರು ಆ ಲೆಕ್ಕವನ್ನು ಬರೆದರು, ಅದರ ಕೆಳಗೆ ಉಪದೇಶದ ಒಂದಕ್ಷರವನ್ನೂ ಸೇರಿಸಲಿಲ್ಲ. ಇದೇಕೆಂದು ನಾನು ಬಹಳ ಯೋಚಿಸಿದ್ದೇನೆ. ಜೂಜು ಕೆಟ್ಟದ್ದೆಂದು ಅಣ್ಣನಿಗೆ ಊರಿನ ಹಿರಿಯರೆಲ್ಲ ಹೇಳಿದ್ದರು; ಅವನು ಒಂದು ದಿನವೂ ಬಿಟ್ಟಿರಲಿಲ್ಲ. ೪೨ ಮತ್ತು ೪೦ರ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದ ಸಂಜೆ ಅವನು ಎಷ್ಟೋ ಹೊತ್ತು ಸುಮ್ಮನೆ ಕುಳಿತಿದ್ದನು. ಪೂರ್ತಿ ಬಿಟ್ಟನೆಂದು ನಾನು ಹೇಳಲಾರೆ. ಆ ಮುಂಗಾರಿಗೆ ಬೀಜದ ಹಣವನ್ನಂತೂ ದೊಡ್ಡಮ್ಮನ ಕೈಗೆ ಕೊಟ್ಟನು. ಕರ್ನಾಟಕ ಸರ್ಕಾರವು ೨೦೨೧ರಲ್ಲಿ ಇಂಥ ಆಟಗಳನ್ನು ತಡೆಯಲು ಮಾಡಿದ ತಿದ್ದುಪಡಿಯನ್ನು ಉಚ್ಚ ನ್ಯಾಯಾಲಯವು ೨೦೨೨ರ ಫೆಬ್ರವರಿಯಲ್ಲಿ ರದ್ದುಗೊಳಿಸಿತ್ತು. ೨೦೨೫ರ ಆಗಸ್ಟಿನಲ್ಲಿ ಸಂಸತ್ತೇ ಹಣವಿಟ್ಟಾಡುವ ಆನ್‌ಲೈನ್ ಆಟಗಳ ವಿರುದ್ಧ ಕಾಯಿದೆ ಮಾಡಿತು.

ಆಚಾರ್ಯರ ಗ್ರಂಥ ಅವರ ಕಾಲದ ನಂತರವೂ ದಕ್ಷಿಣದಲ್ಲಿ ಬಾಳಿತು. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಅದನ್ನು ತೆಲುಗಿಗೆ ತಂದನು. ಜೈನ ಮಠಗಳ ತಾಳೆಗರಿಗಳಲ್ಲಿ, ಕನ್ನಡ ಲಿಪಿಯಲ್ಲಿ, ಅದು ಶತಮಾನಗಳ ಕಾಲ ಉಳಿಯಿತು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಪ್ರಾಧ್ಯಾಪಕ ಎಂ. ರಂಗಾಚಾರ್ಯರು ಇಂಥ ಪ್ರತಿಗಳನ್ನು ಕೂಡಿಸಿ, ಹೋಲಿಸಿ, ಇಂಗ್ಲಿಷ್ ಅನುವಾದದೊಡನೆ ೧೯೧೨ರಲ್ಲಿ ಪ್ರಕಟಿಸಿದ ಮೇಲೆ ಹೊರ ಜಗತ್ತಿಗೆ ಮಹಾವೀರರ ಹೆಸರು ತಿಳಿಯಿತು. ಗಣಿತದ ಪ್ರಾಧ್ಯಾಪಕಿ ಪದ್ಮಾವತಮ್ಮನವರ ಕನ್ನಡ ಅನುವಾದವನ್ನು ೨೦೦೦ದಲ್ಲಿ ಹೊಂಬುಜದ ಜೈನ ಮಠವು ಹೊರತಂದಿತು. ನಾನು ಓದಿದ್ದು ಅದನ್ನೇ.

ರಜೆಯಲ್ಲಿ ಊರಿಗೆ ಹೋದಾಗ ಈ ಲೆಕ್ಕವನ್ನು ತಾತನಿಗೂ ಹೇಳಿದೆ. ತಾತ ಶಾಲೆಗೆ ಹೋದವರಲ್ಲ. ಹರೆಯದಲ್ಲಿ ಸುತ್ತಮುತ್ತಲ ಜಾತ್ರೆಗಳಲ್ಲಿ ಕೋಳಿಪಂದ್ಯಗಳನ್ನು ಬೇಕಾದಷ್ಟು ನೋಡಿದವರು. ಜಗುಲಿಯ ಮೇಲೆ ಎಲೆಯಡಿಕೆ ಹಾಕಿಕೊಳ್ಳುತ್ತ ಎಲ್ಲವನ್ನೂ ಕೇಳಿದರು. ಅಂಥ ಮಂತ್ರವಾದಿ ಪ್ರತಿ ಪಂದ್ಯದಲ್ಲೂ ಒಬ್ಬನಿರುತ್ತಿದ್ದನೆಂದೂ, ಅವನು ಕೋಳಿಯ ಕಡೆಗೆ ತಿರುಗಿಯೂ ನೋಡುತ್ತಿರಲಿಲ್ಲವೆಂದೂ ಹೇಳಿದರು. ಆಮೇಲೆ, ಅದಿರಲಿ, ಕೊನೆಗೆ ಯಾವ ಕೋಳಿ ಗೆದ್ದಿತಪ್ಪಾ ಎಂದು ಕೇಳಿದರು. ಪುಸ್ತಕದಲ್ಲಿ ಅದನ್ನು ಬರೆದಿಲ್ಲ ತಾತಾ ಎಂದೆ.